ಕ್ಯಾಲೊರಿ ಹೆಚ್ಚಿಸಿದ ಮೇಲೆ ಹಸಿವೂ ಏಕೆ ಹೆಚ್ಚಿತು?

ಪ್ರಶ್ನೆ: ನನಗೆ 38 ವರ್ಷ, ಎತ್ತರ 158 ಸೆಂಟಿಮೀಟರ್. ಕೊಡಗಿನ ಗೋಣಿಕೊಪ್ಪದ ಬಳಿ ಒಂದು ಕಾಫಿ ತೋಟದ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ, ಫೆಬ್ರವರಿ ಮಧ್ಯದಲ್ಲಿ, ದಿನಕ್ಕೆ 1200 ಕ್ಯಾಲೊರಿಗೆ ಇಳಿದೆ. ನಾಲ್ಕು ತಿಂಗಳಲ್ಲಿ 74 ಕಿಲೊದಿಂದ 65 ಕಿಲೊಗೆ ಬಂದೆ. ಆಗ ಬೆಳಿಗ್ಗೆ ಸಕ್ಕರೆಯಿಲ್ಲದ ಕಪ್ಪು ಕಾಫಿ, ಮಧ್ಯಾಹ್ನ ಮೂರು ಮೊಟ್ಟೆ ಮತ್ತು ತರಕಾರಿ, ಸಂಜೆ ಒಂದು ಹಿಡಿ ಗೋಡಂಬಿ, ರಾತ್ರಿ ಮೀನು ಅಥವಾ ಕೋಳಿ ಮತ್ತು ಮೊಸರು. ಅನ್ನ, ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಮುಟ್ಟುತ್ತಿರಲಿಲ್ಲ. ಮೊದಲ ವಾರ ಬಿಟ್ಟರೆ ಹಸಿವೇ ಕಾಣಲಿಲ್ಲ. ಕೂದಲು ಉದುರತೊಡಗಿ, ಸುಸ್ತೂ ಆದ ಕಾರಣ ಮೂರು ವಾರಗಳ ಹಿಂದೆ 1600 ಕ್ಯಾಲೊರಿಗೆ ಏರಿಸಿದೆ. ಈಗ ಬೆಳಿಗ್ಗೆ ಜೇನಿನೊಂದಿಗೆ ಎರಡು ಅಕ್ಕಿ ಒಟ್ಟಿ, ಹನ್ನೊಂದು ಗಂಟೆಗೆ ಹಾಲು ಸಕ್ಕರೆ ಹಾಕಿದ ಕಾಫಿ ಮತ್ತು ನಾಲ್ಕು ಬಿಸ್ಕತ್ತು, ಸಂಜೆ ಗೋಡಂಬಿಯ ಜೊತೆಗೆ ಬೆಲ್ಲದ ಕಾಫಿ, ಸ್ವಲ್ಪ ಬಾಳೆಕಾಯಿ ಚಿಪ್ಸ್ ಸೇರಿಕೊಂಡಿವೆ. ಲೆಕ್ಕ ಸರಿದೂಗಿಸಲು ಮೊಟ್ಟೆಯನ್ನು ಒಂದಕ್ಕೆ ಇಳಿಸಿದ್ದೇನೆ. ಮಧ್ಯಾಹ್ನ ಈಗಲೂ ಅನ್ನವಿಲ್ಲ. ಆಶ್ಚರ್ಯವೆಂದರೆ, ಹೆಚ್ಚು ತಿನ್ನತೊಡಗಿದ ದಿನದಿಂದ ಹೊಟ್ಟೆ ಕೂಗುತ್ತಲೇ ಇದೆ. ಹತ್ತೂವರೆಗೆ ಕೈ ಡಬ್ಬಿಯತ್ತ ಹೋಗುತ್ತದೆ, ರಾತ್ರಿ ಊಟವಾದ ಮೇಲೂ ಅಡುಗೆಮನೆ ಕರೆಯುತ್ತದೆ. ಮೊದಲ ವಾರ ತೂಕ 66.1ಕ್ಕೆ ಏರಿ, ಈಗ 65.6ರಲ್ಲಿದೆ. ಮಳೆ ಹಿಡಿದ ಮೇಲೆ ಸಂಜೆಯ ನಡಿಗೆಯೂ ನಿಂತಿದೆ. ಕಾಚಂಪುಳಿಯನ್ನು (ಹಣ್ಣಿನ ರಸವನ್ನು ಗಟ್ಟಿಯಾಗುವಂತೆ ಕಾಯಿಸಿ ಮಾಡುವ ಕೊಡಗಿನ ಕಪ್ಪು ಹುಳಿ) ನೀರಿಗೆ ಬೆರೆಸಿ ಕುಡಿದರೆ ಹಸಿವು ಅಡಗುತ್ತದೆ ಎಂದು ನನ್ನ ನಾದಿನಿ ಹೇಳುತ್ತಾರೆ. ಅದನ್ನು ಕುಡಿಯಲೇ, ಅಥವಾ ಮರಳಿ 1200ಕ್ಕೆ ಹೋಗಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 1200ಕ್ಕೆ ಮರಳಬೇಡಿ. ಕೂದಲು ಉದುರುವಿಕೆ ಮತ್ತು ಸುಸ್ತನ್ನು ಕಂಡು ನೀವು ಊಟ ಹೆಚ್ಚಿಸಿದ್ದು ಸರಿಯಾದ ನಿರ್ಧಾರವೇ ಆಗಿತ್ತು. ತೊಡಕಿರುವುದು ಹೆಚ್ಚಿಸಿದ 400 ಕ್ಯಾಲೊರಿಯಲ್ಲಿ ಅಲ್ಲ. ಆ 400 ಯಾವ ಪದಾರ್ಥಗಳ ರೂಪದಲ್ಲಿ, ದಿನದ ಯಾವ ಹೊತ್ತಿನಲ್ಲಿ ಬಂತು ಎಂಬುದರಲ್ಲಿ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಈಗ ಕಾಣಿಸಿಕೊಂಡಿರುವ ಹಸಿವು ಈ ಮೂರು ವಾರಗಳಲ್ಲಿ ಹುಟ್ಟಿದ್ದಲ್ಲ. ಅದು ಬಹುಮಟ್ಟಿಗೆ ಆ ನಾಲ್ಕು ತಿಂಗಳಲ್ಲಿ ಬೆಳೆದದ್ದು; ಅದರ ದನಿ ಮಾತ್ರ ಅಡಗಿತ್ತು.

ನೀವು ಲೆಕ್ಕಪತ್ರದವರಾದ್ದರಿಂದ ನಿಮ್ಮ ಅಂಕಿಗಳನ್ನೇ ಹಿಡಿದು ನೋಡೋಣ. ಒಂದು ಕಿಲೊ ತೂಕ ಇಳಿಯಲು ಸುಮಾರು 7700 ಕ್ಯಾಲೊರಿಯ ಕೊರತೆ ಬೀಳಬೇಕು ಎಂಬುದು ಒರಟಾದರೂ ಬಳಕೆಗೆ ಬರುವ ಲೆಕ್ಕ. ಒಂಬತ್ತು ಕಿಲೊಗೆ 69,300 ಕ್ಯಾಲೊರಿಯಾಯಿತು. ಅದನ್ನು 120 ದಿನಗಳಿಗೆ ಹಂಚಿದರೆ ದಿನಕ್ಕೆ ಸರಿಸುಮಾರು 575 ಬರುತ್ತದೆ. ನೀವು ತಿನ್ನುತ್ತಿದ್ದ 1200ಕ್ಕೆ ಇದನ್ನು ಕೂಡಿಸಿದರೆ, ಆ ತಿಂಗಳುಗಳಲ್ಲಿ ನಿಮ್ಮ ದೇಹ ದಿನಕ್ಕೆ ಸುಮಾರು 1775 ಕ್ಯಾಲೊರಿ ಖರ್ಚು ಮಾಡುತ್ತಿತ್ತು ಎಂದಾಗುತ್ತದೆ. ವಯಸ್ಸು, ಎತ್ತರ, ತೂಕಗಳಿಂದ ಅಂದಾಜು ಮಾಡುವ ಸೂತ್ರಗಳೂ ನಿಮ್ಮಂಥ ಕುಳಿತು ಕೆಲಸ ಮಾಡುವ ಮಹಿಳೆಗೆ 1800ರ ಆಸುಪಾಸಿನ ಸಂಖ್ಯೆಯನ್ನೇ ಕೊಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಲ್ಲಿ, 55 ಕಿಲೊ ತೂಕದ, ಹೆಚ್ಚು ಶ್ರಮವಿಲ್ಲದ ಮಹಿಳೆಗೆ ದಿನಕ್ಕೆ 1660 ಕ್ಯಾಲೊರಿ ಬೇಕೆಂದಿದೆ. ನಿಮ್ಮ ತೂಕ ಅದಕ್ಕಿಂತ ಹತ್ತು ಕಿಲೊ ಹೆಚ್ಚು. ಅಂದ ಮೇಲೆ 1600 ಕ್ಯಾಲೊರಿಯೂ ನಿಮ್ಮ ಪಾಲಿಗೆ ಕೊರತೆಯ ಊಟವೇ. ನೀವು ಹೆಚ್ಚು ತಿನ್ನುತ್ತಿಲ್ಲ, ಕಡಿಮೆ ತಿನ್ನುವುದನ್ನು ಸ್ವಲ್ಪ ಸಡಿಲಿಸಿದ್ದೀರಿ, ಅಷ್ಟೇ. ಕೊರತೆ ಇರುವಷ್ಟು ಕಾಲ ದೇಹ ಕೇಳುವುದನ್ನು ನಿಲ್ಲಿಸುವುದಿಲ್ಲ.

ಹಾಗಿದ್ದರೆ ಕೊರತೆ ಇನ್ನೂ ದೊಡ್ಡದಾಗಿದ್ದಾಗ ಅದು ಏಕೆ ಕೇಳಲಿಲ್ಲ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ನಿಮ್ಮ ಹಳೆಯ ಊಟದ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಲ್ಲಿ ಅಕ್ಕಿಯೇ ಇಲ್ಲ ಎಂಬುದು. ಅಕ್ಕಿ, ಬೆಲ್ಲ, ಸಕ್ಕರೆ ಎಲ್ಲವೂ ನಿಂತು, ಒಟ್ಟು ಊಟವೂ ಅಷ್ಟು ಕಡಿಮೆಯಾದಾಗ ದೇಹ ತನ್ನ ಕೊಬ್ಬನ್ನು ಕರಗಿಸಿ ಕೀಟೋನುಗಳೆಂಬ ವಸ್ತುಗಳನ್ನು ತಯಾರಿಸಿಕೊಂಡು ಅವುಗಳಿಂದ ನಡೆಯತೊಡಗುತ್ತದೆ. ರಕ್ತದಲ್ಲಿ ಕೀಟೋನು ಏರಿರುವಾಗ, ತೂಕ ಇಳಿದಾಗ ಏರಬೇಕಾದ ಹಸಿವು ಅಷ್ಟಾಗಿ ಏರುವುದಿಲ್ಲ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಪಿಷ್ಟ ಮರಳಿ ಊಟಕ್ಕೆ ಬಂದ ಕೆಲವೇ ದಿನಗಳಲ್ಲಿ ಆ ಮುಚ್ಚಳ ತೆರೆದುಕೊಳ್ಳುತ್ತದೆ. ನಿಮ್ಮ ರಕ್ತವನ್ನು ಆಗ ಯಾರೂ ಪರೀಕ್ಷಿಸಿಲ್ಲವಾದ್ದರಿಂದ ಇದು ನನ್ನ ಊಹೆ. ಆದರೆ ಮೊದಲ ವಾರ ಹಸಿವಾಗಿ ಆಮೇಲೆ ಕಾಣೆಯಾಯಿತು ಎಂಬ ನಿಮ್ಮ ವಿವರ ಆ ಊಹೆಗೆ ಸರಿಯಾಗಿ ಹೊಂದುತ್ತದೆ.

ಇದೇ ಪಿಷ್ಟದ ಮರಳುವಿಕೆ ನಿಮ್ಮ ತೂಕದ ಏರಿಕೆಗೂ ಉತ್ತರ ಕೊಡುತ್ತದೆ. ತಿಂದ ಪಿಷ್ಟದ ಒಂದು ಭಾಗವನ್ನು ದೇಹ ಗ್ಲೈಕೊಜನ್ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೊಜನ್ನಿನೊಂದಿಗೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಖಾಲಿಯಾಗಿದ್ದ ಕಣಜ ತುಂಬಿದಾಗ ಒಂದು ಕಿಲೊ ಏರುವುದು ಸಹಜ. ಅದು ಕೊಬ್ಬಲ್ಲ. ಒಂದು ವಾರದಲ್ಲಿ 1.1 ಕಿಲೊ ಕೊಬ್ಬು ಕೂಡಬೇಕಾದರೆ ನೀವು ಖರ್ಚಿಗಿಂತ 8000 ಕ್ಯಾಲೊರಿಗೂ ಹೆಚ್ಚು ತಿಂದಿರಬೇಕಿತ್ತು. ನಿಮ್ಮ ದಿನಚರಿಯ ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ. ಆಮೇಲೆ ತೂಕ ತಾನಾಗಿ ಇಳಿಯತೊಡಗಿದೆ ಎಂಬುದೇ ಕೊರತೆ ಇನ್ನೂ ಉಳಿದಿದೆ ಎಂಬುದಕ್ಕೆ ಸಾಕ್ಷಿ.

ಇನ್ನು ಆ ನಾಲ್ಕು ತಿಂಗಳಲ್ಲಿ ಬೆಳೆದ ಹಸಿವಿನ ವಿಚಾರ. ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ದಾಸ್ತಾನು ಎಷ್ಟಿದೆ ಎಂಬ ವರದಿ ಮಿದುಳಿಗೆ ತಲುಪುವುದು ಇದರ ಮೂಲಕ. ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು 1994ರಲ್ಲಿ ಗುರುತಿಸಿತು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರು ಮುಖ್ಯವಾಗಿ ಜಠರದಿಂದ ಹೊರಡುವ ಗ್ರೆಲಿನ್ ಎಂಬ ಇನ್ನೊಂದನ್ನು ಕಂಡುಹಿಡಿದರು. ಇದು ಹಸಿವನ್ನು ಎಬ್ಬಿಸುತ್ತದೆ. ತೂಕ ಇಳಿದಾಗ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ. ಈ ಬದಲಾವಣೆ ನಾಲ್ಕಾರು ದಿನಗಳಲ್ಲಿ ಅಳಿಯುವಂಥದ್ದಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಅಧ್ಯಯನದಲ್ಲಿ 50 ಮಂದಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿ, ಅವರನ್ನು ಮತ್ತೊಂದು ವರ್ಷ ಗಮನಿಸಲಾಯಿತು. ವರ್ಷ ಕಳೆದ ಮೇಲೂ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಹಸಿವೂ ಮೊದಲಿಗಿಂತ ಹೆಚ್ಚಾಗಿಯೇ ಇತ್ತು.

ಇದಕ್ಕೆ ಅಂಕಿಯನ್ನೂ ಹಚ್ಚಿದವರಿದ್ದಾರೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ, ಇಳಿದ ಪ್ರತಿ ಕಿಲೊ ತೂಕಕ್ಕೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿಯಷ್ಟು ಕುಗ್ಗಿದರೆ, ತಿನ್ನಬೇಕೆಂಬ ಒತ್ತಡ ಸುಮಾರು 100 ಕ್ಯಾಲೊರಿಯಷ್ಟು ಹಿಗ್ಗುತ್ತದೆ ಎಂದು ಅಂದಾಜು ಮಾಡಿದರು. ಅದು ಸಕ್ಕರೆ ಕಾಯಿಲೆಯ ಒಂದು ಔಷಧಿಯಿಂದ ತೂಕ ಇಳಿದವರನ್ನು ನೋಡಿ ಕಟ್ಟಿದ ಸರಾಸರಿ. ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿರುತ್ತದೆ. ಆದರೂ ನಿಮ್ಮ ಒಂಬತ್ತು ಕಿಲೊಗೆ ಅನ್ವಯಿಸಿ ನೋಡಿದರೆ ಖರ್ಚಿನಲ್ಲಿ 180ರಿಂದ 270 ಕ್ಯಾಲೊರಿಯ ಇಳಿಕೆ, ಹಸಿವಿನಲ್ಲಿ 900 ಕ್ಯಾಲೊರಿಯ ಏರಿಕೆ. ಎದುರಿಗೆ 900ರ ಬೇಡಿಕೆ ನಿಂತಿರುವಾಗ ನೀವು 400 ಕೊಟ್ಟಿದ್ದೀರಿ. ಚಯಾಪಚಯ ನಿಧಾನವಾಯಿತು ಎಂದು ಎಲ್ಲರೂ ದೂರುತ್ತಾರೆ, ಆದರೆ ತೂಕ ಇಳಿಸಿದವರನ್ನು ನಿಜವಾಗಿ ಸೋಲಿಸುವುದು ಈ ಎರಡನೆಯ ಅಂಕಿಯೇ ಎಂಬುದು ನನ್ನ ಅಭಿಪ್ರಾಯ.

ಊಟ ಹೆಚ್ಚಿಸಿದಾಗಲೇ ಹಸಿವು ಭುಗಿಲೆದ್ದ ಪ್ರಸಂಗ ವೈದ್ಯಶಾಸ್ತ್ರದಲ್ಲಿ ಹೊಸದೂ ಅಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಪಾಲ್ಗೊಳ್ಳಲು ಒಪ್ಪದೆ ಸ್ವಇಚ್ಛೆಯಿಂದ ಮುಂದೆ ಬಂದ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ಸುಮಾರು 1570 ಕ್ಯಾಲೊರಿ, ಜೊತೆಗೆ ವಾರಕ್ಕೆ ಹಲವಾರು ಮೈಲಿ ನಡಿಗೆ. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಅನಂತರದ ಹನ್ನೆರಡು ವಾರ ಅವರನ್ನು ನಾಲ್ಕು ಗುಂಪು ಮಾಡಿ ದಿನಕ್ಕೆ 400, 800, 1200, 1600 ಕ್ಯಾಲೊರಿ ಹೆಚ್ಚಾಗಿ ಕೊಡುತ್ತ ಬಂದರು. ಕಡಿಮೆ ಸೇರಿಸಿದವರ ಚೇತರಿಕೆ ಆಮೆಗತಿಯದಾಯಿತು. ಊಟ ಹೆಚ್ಚಿದರೂ ಹಸಿವು ಶಮನವಾಗಲಿಲ್ಲ, ಕೆಲವರಿಗೆ ಮೊದಲಿಗಿಂತ ಜೋರಾಯಿತು. ನಿರ್ಬಂಧ ತೆಗೆದ ಮೇಲೆ ಕೆಲವರು ದಿನಕ್ಕೆ ಸಾವಿರಗಟ್ಟಲೆ ಕ್ಯಾಲೊರಿ ತಿಂದೂ ಹೊಟ್ಟೆ ತುಂಬಲಿಲ್ಲ ಎನ್ನುತ್ತಿದ್ದರು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ನಮ್ಮ ಗಾದೆ ನೆನಪಾಗುವ ಸ್ಥಿತಿ. ಅವರು ಮೊದಲೇ ತೆಳ್ಳಗಿದ್ದವರು, ಅವರದು ನಿಜವಾದ ಉಪವಾಸದ ಕಷ್ಟ; ನಿಮ್ಮನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ. ಆದರೆ ದೊಡ್ಡ ಕೊರತೆಯ ಮೇಲೆ ಸಣ್ಣ ಸೇರ್ಪಡೆ ಮಾಡಿದಾಗ ಹಸಿವು ತಣಿಯುವ ಬದಲು ಎಚ್ಚರವಾಗಬಲ್ಲದು ಎಂಬುದು ಅಲ್ಲಿ ಸ್ಪಷ್ಟವಾಗಿ ದಾಖಲಾಗಿದೆ.

ಇಲ್ಲಿಯವರೆಗಿನದು ನಿಮ್ಮ ಕೈಯಲ್ಲಿ ಇಲ್ಲದ ಸಂಗತಿ. ಇನ್ನು ಮುಂದಿನದು ನಿಮ್ಮ ಕೈಯಲ್ಲಿದೆ.

ನೀವು ಸೇರಿಸಿದ ಪದಾರ್ಥಗಳನ್ನು ಒಂದೊಂದಾಗಿ ನೋಡಿದೆ. ಎರಡು ಅಕ್ಕಿ ಒಟ್ಟಿಗಳಿಗೆ ಒಟ್ಟು ಅರುವತ್ತು ಗ್ರಾಂ ಅಕ್ಕಿ ಹಿಡಿದರೆ 200ಕ್ಕಿಂತ ತುಸು ಹೆಚ್ಚು ಕ್ಯಾಲೊರಿ; ಎರಡು ಚಮಚ ಜೇನು 45; ನಾಲ್ಕು ಬಿಸ್ಕತ್ತು 100ರಷ್ಟು; ಹಾಲು ಸಕ್ಕರೆಯ ಕಾಫಿ 75; ಇಪ್ಪತ್ತು ಗ್ರಾಂ ಚಿಪ್ಸ್ 100ಕ್ಕೂ ಹೆಚ್ಚು; ಬೆಲ್ಲದ ಕಾಫಿ 40. ಎರಡು ಮೊಟ್ಟೆ ಬಿಟ್ಟದ್ದರಿಂದ 140 ಕಳೆಯಿತು. ನಿಮ್ಮ ಕೂಡು-ಕಳೆ ಬಹುಮಟ್ಟಿಗೆ ಸರಿಯಾಗಿದೆ. ಆದರೆ ಜಮಾ ಆದದ್ದು ಏನು, ಖರ್ಚು ಬಿದ್ದದ್ದು ಏನು ಎಂದು ನೋಡಿ: ಬಂದದ್ದೆಲ್ಲ ಹಿಟ್ಟು, ಸಕ್ಕರೆ, ಎಣ್ಣೆ, ಹೋದದ್ದು ಮೊಟ್ಟೆ. ನನ್ನ ಅಂದಾಜಿನಲ್ಲಿ ಮೊದಲು ನಿಮಗೆ ದಿನಕ್ಕೆ 60 ಗ್ರಾಂ ಪ್ರೋಟೀನು ಸಿಗುತ್ತಿತ್ತು. ಅದು 1200 ಕ್ಯಾಲೊರಿಯಲ್ಲಿ ಶೇಕಡಾ 20. ಈಗ ಸಿಗುತ್ತಿರುವುದು ಸುಮಾರು 57 ಗ್ರಾಂ. ಅದು 1600ರಲ್ಲಿ ಶೇಕಡಾ 14 ಮಾತ್ರ. ಪ್ರೋಟೀನಿನ ಪಾಲು ಕುಗ್ಗಿದಾಗ, ಆ ಕೊರತೆ ತುಂಬುವ ತನಕ ಪ್ರಾಣಿಗಳೂ ಮನುಷ್ಯರೂ ಉಳಿದ ಆಹಾರವನ್ನು ಹೆಚ್ಚು ತಿನ್ನುತ್ತ ಹೋಗುತ್ತಾರೆ ಎಂಬ ಸಿದ್ಧಾಂತವನ್ನು ಸಿಂಪ್ಸನ್ ಮತ್ತು ರೌಬೆನ್‌ಹೈಮರ್ ಎಂಬ ಇಬ್ಬರು ವಿಜ್ಞಾನಿಗಳು 2005ರಲ್ಲಿ ಮುಂದಿಟ್ಟರು. ಎಲ್ಲ ಸಂದರ್ಭಕ್ಕೂ ಅದು ಸಲ್ಲುತ್ತದೆಂದು ನಾನು ಹೇಳುವುದಿಲ್ಲವಾದರೂ, ಕ್ಯಾಲೊರಿಗೆ ಕ್ಯಾಲೊರಿ ಹೋಲಿಸಿದರೆ ಹೊಟ್ಟೆಯನ್ನು ಹೆಚ್ಚು ಹೊತ್ತು ತಣಿಸಿಡುವುದು ಪ್ರೋಟೀನು ಎಂಬುದರಲ್ಲಿ ವಿವಾದವಿಲ್ಲ.

ತೃಪ್ತಿಯ ವಿಷಯದಲ್ಲಿ ಕ್ಯಾಲೊರಿಗಳೆಲ್ಲ ಒಂದೇ ಬೆಲೆಯ ನಾಣ್ಯಗಳಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಆಹಾರಗಳನ್ನು, ಪ್ರತಿಯೊಂದೂ ಒಂದೇ ಕ್ಯಾಲೊರಿ ಬರುವಷ್ಟು ಅಳೆದು, ಜನರಿಗೆ ತಿನ್ನಿಸಿ ಎರಡು ಗಂಟೆಗಳ ಕಾಲ ಅವರ ತೃಪ್ತಿಯನ್ನು ದಾಖಲಿಸಿದರು. ಬಿಳಿ ಬ್ರೆಡ್ಡಿಗೆ 100 ಅಂಕವಿಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಬೆಣ್ಣೆ ತುಂಬಿದ ಪದರು ಪದರಾದ ಕ್ರೊಸಾಂಗೆ 47. ನೀರಿನಂಶ, ನಾರು, ಪ್ರೋಟೀನು ಹೆಚ್ಚಿದ್ದು ತಟ್ಟೆಯಲ್ಲಿ ಜಾಗ ಹಿಡಿಯುವ ತಿನಿಸು ಗೆದ್ದಿತು. ಒಣಗಿದ, ಕೊಬ್ಬು ಕೂಡಿದ, ನಾಲಿಗೆಗೆ ಹಿತವಾದದ್ದು ಸೋತಿತು. ನಿಮ್ಮ ಬಿಸ್ಕತ್ತು ಮತ್ತು ಚಿಪ್ಸ್ ಯಾವ ಸಾಲಿನವೆಂದು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದರ ಕಾಫಿಯಲ್ಲಿ ಕರಗಿ ಹೋಗುವ ಸಕ್ಕರೆಯಂತೂ ಕುಡಿಯುವ ರೂಪದ್ದು. ಕುಡಿದ ಕ್ಯಾಲೊರಿಯನ್ನು ಹೊಟ್ಟೆ ಅಗಿದು ತಿಂದದ್ದರಷ್ಟು ಗಂಭೀರವಾಗಿ ಪರಿಗಣಿಸುವುದಿಲ್ಲ.

ಹೊತ್ತಿನ ಮಾತೂ ಇದೆ. ನಿತ್ಯ ಊಟ ಮಾಡುವ ವೇಳೆಗೆ ಸ್ವಲ್ಪ ಮುಂಚೆ ಗ್ರೆಲಿನ್ ತಾನಾಗಿ ಏರುತ್ತದೆ. ನಾಲ್ಕು ತಿಂಗಳು ಮಧ್ಯಾಹ್ನದ ತನಕ ಬಾಯಿಗೆ ಏನೂ ಬೀಳದಿದ್ದಾಗ ನಿಮ್ಮ ದೇಹ ಬೆಳಗಿನ ಹೊತ್ತು ಕೇಳುವುದನ್ನೇ ಬಿಟ್ಟಿತ್ತು. ಈಗ ಮೂರು ವಾರದಿಂದ ಹನ್ನೊಂದಕ್ಕೆ ಸಿಹಿ ಬೀಳುತ್ತಿದೆ. ಹತ್ತೂವರೆಗೆ ಅದು ಬಾಗಿಲು ತಟ್ಟುವುದನ್ನು ಕಲಿತಿದೆ. ಜೊತೆಗೆ, ಬೆಳಿಗ್ಗೆ ಒಟ್ಟಿಯನ್ನು ಜೇನಿನಲ್ಲಿ ಅದ್ದಿ ತಿಂದಾಗ ರಕ್ತದ ಸಕ್ಕರೆ ಬೇಗ ಏರಿ, ಕೆಲವರಲ್ಲಿ ಎರಡು ಮೂರು ಗಂಟೆಯೊಳಗೆ ಆರಂಭದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಹಾಗೆ ಜಾರುವವರಿಗೆ ಹಸಿವು ಹೆಚ್ಚು. ಎಂಟು ಗಂಟೆಗೆ ತಿಂದವರಿಗೆ ಹತ್ತೂವರೆಗೆ ಹೊಟ್ಟೆ ಕೂಗುವುದು ಈ ಲೆಕ್ಕಕ್ಕೂ ಹೊಂದುತ್ತದೆ. ತಪ್ಪು ಒಟ್ಟಿಯದಲ್ಲ. ನಮ್ಮ ಹಿರಿಯರು ಅದನ್ನು ಎಳ್ಳು ಪಜ್ಜಿಯ (ಚಟ್ನಿಯ) ಜೊತೆಗೋ ಪಲ್ಯ, ಕರಿಯ ಜೊತೆಗೋ ತಿಂದು ತೋಟಕ್ಕೋ ಗದ್ದೆಗೋ ಇಳಿಯುತ್ತಿದ್ದರು. ನೀವು ಜೇನಿನ ಜೊತೆಗೆ ತಿಂದು ಕುರ್ಚಿಯ ಮೇಲೆ ಕೂರುತ್ತೀರಿ.

ಕೂರುವುದು ಎಂದಾಗ ನಿಂತುಹೋದ ನಡಿಗೆಯ ವಿಚಾರ ಬರುತ್ತದೆ. ಓಡಾಟ ಕಡಿಮೆಯಾದರೆ ಹಸಿವೂ ಕಡಿಮೆಯಾಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. 1956ರಲ್ಲಿ ಜೀನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ ಕೆಲಸಗಾರರನ್ನು ಅಧ್ಯಯನ ಮಾಡಿದಾಗ ಬೇರೆಯೇ ಚಿತ್ರ ಕಂಡಿತು. ಭಾರ ಹೊರುವವರು ಹೆಚ್ಚು ತಿನ್ನುತ್ತಿದ್ದರು, ಅದು ನಿರೀಕ್ಷಿತ. ಆದರೆ ದಿನವಿಡೀ ಕುಳಿತೇ ಇರುವವರು ಹಗುರ ಕೆಲಸ ಮಾಡುವವರಿಗಿಂತ ಹೆಚ್ಚು ತಿನ್ನುತ್ತಿದ್ದರು, ತೂಕವೂ ಅವರದೇ ಹೆಚ್ಚು. ತೀರಾ ಕುಳಿತೇ ಇದ್ದಾಗ ಹಸಿವಿನ ತಕ್ಕಡಿ ಸರಿಯಾಗಿ ತೂಗುವುದಿಲ್ಲ ಎಂಬ ಅರ್ಥವನ್ನು ಅದರಿಂದ ತೆಗೆಯುತ್ತಾರೆ. ಜೂನ್, ಜುಲೈ ತಿಂಗಳಲ್ಲಿ ದಕ್ಷಿಣ ಕೊಡಗಿನಲ್ಲಿ ಸಂಜೆ ನಡೆಯಿರಿ ಎಂದು ಹೇಳುವಷ್ಟು ಅರಸಿಕತೆ ನನಗಿಲ್ಲ. ಜಿಗಣೆಗಳ ಕಾಟವೂ ನನಗೆ ಗೊತ್ತು. ಕಾಫಿ ಒಣಗಿಸುವ ಕಣ ಖಾಲಿಯಿದ್ದು ಮಳೆ ಬಿಟ್ಟಿದ್ದರೆ ಅಲ್ಲಿ, ಇಲ್ಲವೇ ಗೋದಾಮಿನೊಳಗೆ, ಅದೂ ಇಲ್ಲದಿದ್ದರೆ ಮನೆಯ ಜಗಲಿಯಲ್ಲಿ, ಹತ್ತು ಹತ್ತು ನಿಮಿಷದಂತೆ ಮೂರು ಬಾರಿ ನಡೆದರೂ ಆದೀತು. ಮಳೆಗಾಲದ ಸಂಜೆ, ಕರೆಂಟು ಹೋಗಿ, ಮಾಡಲು ಬೇರೇನೂ ಇಲ್ಲದೆ ಕುಳಿತಾಗ ಹುಟ್ಟುವ ತಿನ್ನುವ ಆಸೆ ಎಲ್ಲವೂ ಹಸಿವಲ್ಲ. ಹಸಿವು ರುಚಿಯರಿಯದು ಎನ್ನುತ್ತಾರಲ್ಲ, ಅದೇ ಪರೀಕ್ಷೆ: ಆ ಹೊತ್ತಿಗೆ ಬೇಯಿಸಿದ ಮೊಟ್ಟೆ ಕೊಟ್ಟರೆ ಬೇಕೆನಿಸುತ್ತದೆಯೇ? ಬೇಕೆನಿಸಿದರೆ ಹಸಿವು, ತಿನ್ನಿ. ಚಿಪ್ಸೇ ಆಗಬೇಕೆಂದರೆ ಅದು ಬೇಸರ.

ಹಾಗಾದರೆ ಏನು ಮಾಡಬೇಕು? 1600ನ್ನು ಹಾಗೆಯೇ ಇಟ್ಟು ಒಳಗಿನ ಬಾಬ್ತುಗಳನ್ನು ಬದಲಿಸಿ. ಬೆಳಿಗ್ಗೆ ಒಂದೇ ಒಟ್ಟಿ, ಜೇನಿನ ಬದಲು ಎಳ್ಳು ಪಜ್ಜಿ ಅಥವಾ ಪಲ್ಯ, ಜೊತೆಗೆ ಎರಡು ಮೊಟ್ಟೆ. ಹನ್ನೊಂದಕ್ಕೆ ನಿಮ್ಮ ಹಳೆಯ ಸಕ್ಕರೆಯಿಲ್ಲದ ಕಾಫಿ, ಅಥವಾ ಹಾಲು ಬೇಕೇ ಬೇಕೆಂದರೆ ಸಕ್ಕರೆ ಬಿಟ್ಟು ಹಾಲು. ಬಿಸ್ಕತ್ತಿನ ಡಬ್ಬಿ ಕಚೇರಿಯಲ್ಲಿ ಬೇರೆಯವರ ಮೇಜಿಗೆ ಹೋಗಲಿ. ಮಧ್ಯಾಹ್ನ ಈಗಿರುವ ಒಂದು ಮೊಟ್ಟೆ, ತರಕಾರಿಯ ಜೊತೆಗೆ ಒಂದು ಸೌಟು ಅನ್ನವನ್ನೂ ಸೇರಿಸಿಕೊಳ್ಳಿ, ಹೆದರಬೇಡಿ. ಸಂಜೆ ಚಿಪ್ಸಿನ ಬದಲು ಮೂವತ್ತು ಗ್ರಾಂ ಒಣ ಕಡಲೆಯನ್ನು ನೆನೆಸಿ ಬೇಯಿಸಿ ಒಗ್ಗರಣೆ ಹಾಕಿದ್ದು. ಹೆಸರುಕಾಳು, ಹುರುಳಿಯೂ ಆಗುತ್ತದೆ. ಬೆಲ್ಲದ ಕಾಫಿಯನ್ನು ನಾನು ಕಸಿದುಕೊಳ್ಳುವುದಿಲ್ಲ. ಕೊಡಗಿನಲ್ಲಿ ಮಳೆಗಾಲವನ್ನು ಅದಿಲ್ಲದೆ ಕಳೆಯಲು ಹೇಳುವವರ ಮಾತನ್ನು ಯಾರೂ ಕೇಳುವುದಿಲ್ಲ. ಆದರೆ ಸಂಜೆ ಐದರೊಳಗೆ ಕುಡಿಯಿರಿ, ಏಕೆಂದರೆ ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆ ಕಳೆದರೂ ಮೈಯಲ್ಲಿ ಉಳಿದಿರುತ್ತದೆ, ಮತ್ತು ನಿದ್ದೆ ಕೆಟ್ಟರೆ ಹಸಿವು ಕೆರಳುತ್ತದೆ. 2004ರ ಒಂದು ಪ್ರಯೋಗದಲ್ಲಿ 12 ಆರೋಗ್ಯವಂತ ಯುವಕರು ಎರಡೇ ರಾತ್ರಿ ನಾಲ್ಕು ಗಂಟೆಯಷ್ಟು ನಿದ್ದೆಗೆ ಇಳಿದಾಗ ಗ್ರೆಲಿನ್ ಶೇಕಡಾ 28ರಷ್ಟು ಏರಿ, ಲೆಪ್ಟಿನ್ ಶೇಕಡಾ 18ರಷ್ಟು ಇಳಿದಿತ್ತು.

ಈ ಅದಲುಬದಲಿನಿಂದ ಒಟ್ಟು ಕ್ಯಾಲೊರಿ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ, ಪ್ರೋಟೀನು ಮಾತ್ರ 70 ಗ್ರಾಂ ದಾಟುತ್ತದೆ. ಕಿಲೊ ತೂಕಕ್ಕೆ 0.83 ಗ್ರಾಂ ಎಂಬ ಸಾಮಾನ್ಯ ಪ್ರಮಾಣದಂತೆ ನಿಮಗೆ 54 ಗ್ರಾಂ ಸಾಕು. ಆದರೆ ತೂಕ ಇಳಿಯುತ್ತಿರುವಾಗ ಸ್ನಾಯು ಸವೆಯದಿರಲು ಇನ್ನಷ್ಟು ಇರುವುದು ಒಳ್ಳೆಯದು. ಮಳೆಗಾಲದ ನಮ್ಮ ಅಡುಗೆಗಳೂ ಇಲ್ಲಿ ನಿಮ್ಮ ಪರವಾಗಿಯೇ ಇವೆ. ಬೈಂಬಳೆ (ಕಣಿಲೆ, ಅಂದರೆ ಎಳೆ ಬಿದಿರು) ಕರಿ, ಕೆಂಬು (ಕೆಸು) ಕರಿ, ಕುಮ್ಮು (ಅಣಬೆ) ಕರಿ, ತೆರ್ಮೆ (ಜರೀಗಿಡದ ಚಿಗುರು) ಸೊಪ್ಪು, ಇವೆಲ್ಲ ನೀರು ನಾರು ತುಂಬಿದ, ತಟ್ಟೆಯಲ್ಲಿ ಜಾಗ ಹಿಡಿದು ಕ್ಯಾಲೊರಿ ಕಡಿಮೆ ಕೊಡುವ ಪದಾರ್ಥಗಳು. ಒಗ್ಗರಣೆಯ ಎಣ್ಣೆಯನ್ನು ಮಾತ್ರ ಚಮಚದಲ್ಲಿ ಅಳೆದು ಹಾಕಿ, ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಕಣಿಲೆಯನ್ನು ನೀರು ಬದಲಿಸುತ್ತ ನೆನೆಸಿ ಚೆನ್ನಾಗಿ ಬೇಯಿಸುವ ಹಿರಿಯರ ಪದ್ಧತಿಯನ್ನು ಆತುರದಲ್ಲಿ ಬಿಡಬೇಡಿ, ಹಸಿಯದರಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ.

ನಿಮ್ಮ ನಾದಿನಿಯವರ ಸಲಹೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಅದು ಎಲ್ಲಿಂದ ಬಂತು ಎಂಬುದು ತಿಳಿದಿದೆ. ಕಾಚಂಪುಳಿ ತಯಾರಾಗುವ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ; ಅದೇ ಜಾತಿಯ ಹಣ್ಣಿನ ಸಾರವನ್ನು ಗಾರ್ಸೀನಿಯಾ ಎಂಬ ಹೆಸರಿನ ಗುಳಿಗೆ ಮಾಡಿ ತೂಕ ಇಳಿಸುವ ಔಷಧಿಯೆಂದು ಜಗತ್ತಿನಾದ್ಯಂತ ಮಾರುತ್ತಾರೆ. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ ಹನ್ನೆರಡು ವಾರ ಪ್ರಯೋಗ ನಡೆಯಿತು. ಗುಳಿಗೆ ನುಂಗಿದವರಿಗೂ, ಔಷಧಿಯಿಲ್ಲದ ಹುಸಿ ಗುಳಿಗೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂಥ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಒಂದು ಚಮಚದಿಂದ ಯಾವ ಭಯವೂ ಇಲ್ಲ, ಅದರ ಸ್ಥಾನ ಅಲ್ಲಿಯೇ. ಖಾಲಿ ಹೊಟ್ಟೆಗೆ ಕುಡಿದರೆ ಹಸಿವು ಅಡಗಿದಂತೆ ಅನ್ನಿಸಬಹುದು, ಆದರೆ ಅಷ್ಟು ತೀಕ್ಷ್ಣವಾದ ಹುಳಿಯಿಂದ ಹೊಟ್ಟೆ ಉರಿದು, ಹಲ್ಲು ಜುಮ್ಮೆಂದಾಗ ಯಾರಿಗೆ ತಾನೇ ತಿನ್ನಬೇಕೆನಿಸುತ್ತದೆ?

ಹೊಸ ಕ್ರಮಕ್ಕೆ ನಾಲ್ಕು ವಾರ ಕೊಡಿ. ದಿನವೂ ಬೆಳಿಗ್ಗೆ ತೂಕ ನೋಡುವುದಾದರೆ ವಾರದ ಸರಾಸರಿಯನ್ನು ಮಾತ್ರ ಬರೆದಿಡಿ. ಮುಟ್ಟಿಗೆ ಮುಂಚಿನ ವಾರದಲ್ಲಿ ಹಸಿವು ಮತ್ತು ತೂಕ ಎರಡೂ ತುಸು ಏರುವುದು ಅನೇಕರಿಗೆ ಆಗುವಂಥದ್ದು, ಆ ವಾರವನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಹತ್ತೂವರೆಯ ಕರೆ ಮೊದಲು ಅಡಗುತ್ತದೆ, ಎರಡು ಮೂರು ವಾರ ಸಾಕು. ರಾತ್ರಿಯದು ನಿಧಾನ. ನಾಲ್ಕು ವಾರಗಳ ಅನಂತರವೂ ಹಸಿವು ಕೆಲಸಕ್ಕೆ ಅಡ್ಡಿಯಾಗುವಷ್ಟಿದ್ದರೆ ಇಳಿಸುವುದನ್ನು ಬಿಟ್ಟು 1750ರವರೆಗೆ ಏರಿಸಿ, ಎರಡು ತಿಂಗಳು ತೂಕವನ್ನು ಇದ್ದಲ್ಲೇ ನಿಲ್ಲಿಸಿಕೊಳ್ಳಿ. ಭಾರತೀಯರಿಗೆ ಅನ್ವಯಿಸುವ ಮಾನದಂಡದಲ್ಲಿ ದೇಹತೂಕ ಸೂಚ್ಯಂಕ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು, ನಿಮ್ಮದು 29.6ರಿಂದ 26ಕ್ಕೆ ಬಂದಿದೆ. ಇನ್ನೂ ಇಳಿಸುವುದಿದೆ ನಿಜ, ಆದರೆ ಇಳಿಸಿದ ಒಂಬತ್ತನ್ನು ಉಳಿಸಿಕೊಳ್ಳುವುದು ಮುಂದಿನ ಮೂರನ್ನು ಇಳಿಸುವುದಕ್ಕಿಂತ ಹೆಚ್ಚಿನ ಕೆಲಸ ಎಂದು ನಾನು ಭಾವಿಸುತ್ತೇನೆ.

ಕೂದಲಿನ ವಿಚಾರವನ್ನು ಇಲ್ಲಿಗೇ ಬಿಡುವಂತಿಲ್ಲ. ವೇಗವಾಗಿ ತೂಕ ಇಳಿದ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದು ಸಾಮಾನ್ಯ, ಊಟ ಸರಿಯಾದರೆ ತಾನಾಗಿ ನಿಲ್ಲುತ್ತದೆ. ಆದರೂ ಸುಸ್ತು ಜೊತೆಗಿರುವುದರಿಂದ ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್ ಮತ್ತು ರಕ್ತದ ಸಕ್ಕರೆ, ಈ ನಾಲ್ಕನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಹಸಿವಿನ ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ, ಅಥವಾ ಎದೆಬಡಿತ, ಕೈನಡುಕ, ವಿಪರೀತ ಬೆವರು ಇದ್ದರೆ, ಇಲ್ಲವೇ ಮುಟ್ಟು ನಿಂತಿದ್ದರೆ ನಾಲ್ಕು ವಾರ ಕಾಯದೆ ವೈದ್ಯರನ್ನು ಕಾಣಿ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಗಳ ಮಾತ್ರೆಗಳು ಹಸಿವನ್ನು ಹೆಚ್ಚಿಸುತ್ತವೆ. ಅಂಥದ್ದೇನಾದರೂ ಹೊಸದಾಗಿ ಶುರುವಾಗಿದ್ದರೆ ಅವರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ರಾತ್ರಿ ಅಡುಗೆಮನೆಗೆ ಹೋದಾಗ ಬೇಡವೆಂದರೂ ನಿಲ್ಲಿಸಲಾಗದೆ, ಯಾರಿಗೂ ಕಾಣದಂತೆ, ಹೊಟ್ಟೆ ನೋಯುವಷ್ಟು ತಿನ್ನುವ ಸಂದರ್ಭಗಳು ವಾರಕ್ಕೊಮ್ಮೆಯಾದರೂ ಬರುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಅದಕ್ಕೆ ಬೇರೆಯದೇ ಚಿಕಿತ್ಸೆಯಿದೆ, ಆಗ ಕ್ಯಾಲೊರಿ ಬರೆಯುವ ಪುಸ್ತಕವನ್ನು ಮೊದಲು ಮುಚ್ಚಿಡಬೇಕಾಗುತ್ತದೆ.

ಕಕ್ಕಡ (ಆಟಿ) ತಿಂಗಳ ಹದಿನೆಂಟರ ಮದ್ದು ಸೊಪ್ಪಿನ ಪಾಯಸ ಮತ್ತು ಕೈಲ್‌ಪೊಳ್ದು ಹಬ್ಬದ ಕಡಂಬುಟ್ಟು (ಅಕ್ಕಿಯ ಕಡುಬು), ಪಂದಿ ಕರಿ ಈ ನಾಲ್ಕು ವಾರಗಳ ಆಚೀಚೆ ಬರುತ್ತವೆ. ಆ ದಿನಗಳಲ್ಲಿ ಬೆಳಿಗ್ಗೆ ಉಪವಾಸವಿದ್ದು ಹೊಟ್ಟೆ ಖಾಲಿ ಇಟ್ಟುಕೊಳ್ಳುವ ಉಪಾಯ ಬೇಡ, ಎಂದಿನ ಮೊಟ್ಟೆ ಒಟ್ಟಿ ತಿಂದೇ ಹೋಗಿ. ಎಲ್ಲರೊಂದಿಗೆ ಕುಳಿತು ಉಣ್ಣಿ, ಮಾರನೆಯ ದಿನದ ತೂಕ ನೋಡಬೇಡಿ, ಮೂರನೆಯ ದಿನದಿಂದ ಪುಸ್ತಕ ಮುಂದುವರಿಸಿ.